ಗಲ್ಫ್ ರಾಯಭಾರ ಕಚೇರಿಯ ಕಾನ್ಸುಲರ್ ಮೇಜು: ಹೊಸದಾಗಿ ಹೋಗುವವರಿಗೆ ಕೈಪಿಡಿ

ರಿಯಾದ್, ಕುವೈತ್, ಮಸ್ಕತ್ ಕಡೆಯ ಭಾರತದ ರಾಯಭಾರ ಕಚೇರಿಗೆ ಮೊದಲ ಪೋಸ್ಟಿಂಗ್ ಸಿಕ್ಕಿದ ಥರ್ಡ್ ಸೆಕ್ರೆಟರಿ, ಅಟಾಶೆಯಂಥ ಕಿರಿಯ ಅಧಿಕಾರಿಗೆ ಹೆಚ್ಚಾಗಿ ಒಪ್ಪಿಸುವುದು ಕಾನ್ಸುಲರ್ (ಅಲ್ಲಿರುವ ನಮ್ಮ ನಾಗರಿಕರಿಗೆ ನೆರವಾಗುವ) ಇಲ್ಲವೇ ಕಾರ್ಮಿಕ ಕಲ್ಯಾಣದ ಮೇಜು. ಪಾಸ್‌ಪೋರ್ಟ್ ಕಳೆದುಕೊಂಡವರು, ಸಂಬಳ ಸಿಗದವರು, ಜೈಲಿನಲ್ಲಿರುವವರು, ತೀರಿಕೊಂಡವರು, ಎಲ್ಲರ ಕಡತವೂ ಇದೇ ಮೇಜಿಗೆ ಬರುತ್ತದೆ. ಇಲ್ಲಿ ವಿದೇಶಾಂಗ ನೀತಿಯ ಪಾಠಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಯಾವ ಕಾಗದ ಯಾವುದಕ್ಕಿಂತ ಮೊದಲು ಬೇಕು, ಅದರ ಮೇಲೆ ಯಾರ ಸಹಿ ಬೀಳಬೇಕು ಎಂಬ ಲೆಕ್ಕ. ಆ ಸರದಿ ತಪ್ಪಿದರೆ ಕೆಲಸ ನಿಧಾನವಾಗುವುದಲ್ಲ, ನಿಂತೇ ಹೋಗುತ್ತದೆ.

ಕೆಳಗಿನ ವಿವರ ಸೌದಿ ಅರೇಬಿಯಾವನ್ನು ಮುಂದಿಟ್ಟುಕೊಂಡು ಬರೆದದ್ದು. ಉಳಿದ ಗಲ್ಫ್ ದೇಶಗಳಲ್ಲಿ ಇಲಾಖೆಗಳ ಹೆಸರು, ಕಾನೂನಿನ ಕಲಮು ಬದಲಾಗುತ್ತವೆ. ಕೆಲಸದ ಜಾಡು ಬಹುಮಟ್ಟಿಗೆ ಇದೇ.

ಮೊದಲ ವಾರ

ನೀವು ಬಂದಿಳಿದದ್ದನ್ನು ಸ್ಥಳೀಯ ವಿದೇಶಾಂಗ ಸಚಿವಾಲಯಕ್ಕೆ ತಿಳಿಸುವುದು ಕಚೇರಿಯ ಹೊಣೆ. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 10ನೇ ವಿಧಿ ಅದನ್ನು ಹೇಳುತ್ತದೆ. ರಾಜತಾಂತ್ರಿಕ ಗುರುತಿನ ಚೀಟಿ ಕೈಗೆ ಬರುವವರೆಗೆ ಕಾರು ಓಡಿಸುವುದು, ಮನೆ ಕರಾರಿಗೆ ಸಹಿ ಹಾಕುವುದು ಬೇಡ. ಸಾಮಾನು ತರಿಸುವುದರಲ್ಲಿ ಒಂದು ವ್ಯತ್ಯಾಸವಿದೆ. ರಾಜತಾಂತ್ರಿಕ ದರ್ಜೆಯವರಿಗೆ ಸುಂಕದ ವಿನಾಯಿತಿ ಪೋಸ್ಟಿಂಗ್ ಉದ್ದಕ್ಕೂ ಇರುತ್ತದೆ. ಆಡಳಿತ ಮತ್ತು ತಾಂತ್ರಿಕ ಸಿಬ್ಬಂದಿಗೆ 37ನೇ ವಿಧಿಯ ಪ್ರಕಾರ ಮೊದಲು ಬಂದು ನೆಲೆಯೂರುವಾಗ ತರಿಸಿದ ಸಾಮಾನಿಗೆ ಮಾತ್ರ. ಹಾಗಾಗಿ ಅವರು ಫ್ರಿಜ್ಜು, ಮಿಕ್ಸಿ, ಗ್ರೈಂಡರು ಎಲ್ಲವನ್ನೂ ಒಂದೇ ಕಂತಿನಲ್ಲಿ ಹಾಕಿಸಿಬಿಡುವುದು ಒಳ್ಳೆಯದು.

ಹಿಂದಿನವರಿಂದ ಅಧಿಕಾರ ವಹಿಸಿಕೊಳ್ಳುವಾಗ ನಗುನಗುತ್ತಾ ಸಹಿ ಹಾಕಿಬಿಡಬೇಡಿ. ಖಾಲಿ ಎಮರ್ಜೆನ್ಸಿ ಸರ್ಟಿಫಿಕೇಟುಗಳು (ಪಾಸ್‌ಪೋರ್ಟ್ ಇಲ್ಲದವರಿಗೆ ಕೊಡುವ ಪ್ರಯಾಣದ ಕಾಗದ), ಪಾಸ್‌ಪೋರ್ಟ್ ಪುಸ್ತಕಗಳು, ಮೊಹರುಗಳು, ರಸೀದಿ ಪುಸ್ತಕಗಳು, ಇವನ್ನು ಕ್ರಮಸಂಖ್ಯೆ ಹಿಡಿದು ಒಂದೊಂದಾಗಿ ಎಣಿಸಿ. ರದ್ದಾದ ಪುಸ್ತಕಕ್ಕೂ ಲೆಕ್ಕ ಬೇಕು. ಭಾರತೀಯ ಸಮುದಾಯ ಕಲ್ಯಾಣ ನಿಧಿಯ ಲೆಕ್ಕಪುಸ್ತಕವನ್ನು ಬ್ಯಾಂಕ್ ಹೇಳಿಕೆಯ ಜತೆ ತಾಳೆ ನೋಡಿ. ಕೊನೆಗೆ ಬಾಕಿ ಪ್ರಕರಣಗಳ ಪಟ್ಟಿ: ಪ್ರತಿ ಸಾಲಿನ ಮುಂದೆ 'ಮುಂದಿನ ಹೆಜ್ಜೆ ಯಾರದು' ಎಂದು ಹಿಂದಿನವರ ಕೈಯಲ್ಲೇ ಬರೆಸಿಕೊಳ್ಳಿ. ಅವರು ವಿಮಾನ ಹತ್ತಿದ ಮೇಲೆ ಆ ಮಾಹಿತಿ ಸಿಗುವುದಿಲ್ಲ.

ವಾರದ ಲೆಕ್ಕವನ್ನೂ ಮೊದಲೇ ತಲೆಗೆ ಹಾಕಿಕೊಳ್ಳಿ. ಸೌದಿಯಲ್ಲಿ ಭಾನುವಾರದಿಂದ ಗುರುವಾರ ಕೆಲಸ, ಶುಕ್ರವಾರ ಶನಿವಾರ ರಜೆ. ದೆಹಲಿಯಲ್ಲಿ ಸೋಮವಾರದಿಂದ ಶುಕ್ರವಾರ. ಎರಡೂ ಕಡೆ ಕಚೇರಿ ತೆರೆದಿರುವುದು ನಾಲ್ಕೇ ದಿನ. ರಿಯಾದ್ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನ ಮೂರಾದಾಗ ಅಲ್ಲಿ ಸಂಜೆ ಐದೂವರೆ. ಜಿಲ್ಲಾಧಿಕಾರಿ ಕಚೇರಿಗೋ ತಹಶೀಲ್ದಾರರಿಗೋ ಫೋನ್ ಮಾಡಬೇಕಿದ್ದರೆ ಬೆಳಗ್ಗೆ ಬಂದ ಕೂಡಲೇ ಮಾಡಿ.

ಇನ್ನೊಂದು ಪಾಠ ಅಂಕಿಗಳದ್ದು. ಅರೇಬಿಕ್ ಮಾತು ಬರಲು ತಿಂಗಳುಗಳು ಬೇಕು, ಅಂಕಿ ಒಂದು ಸಂಜೆಯಲ್ಲಿ ಬರುತ್ತದೆ. ಅವರ ಐದು ನಮ್ಮ ಸೊನ್ನೆಯ ಹಾಗೆ ದುಂಡಗಿರುತ್ತದೆ, ಅವರ ಸೊನ್ನೆ ಬರೀ ಒಂದು ಚುಕ್ಕಿ. ಏಳು ಮತ್ತು ಎಂಟು ಒಂದೇ ಆಕಾರ. ಬಾಯಿ ಮೇಲಾದರೆ ಏಳು, ಕೆಳಗಾದರೆ ಎಂಟು. ನಿವಾಸ ಪರವಾನಗಿಯಾದ ಇಕಾಮಾದ ಸಂಖ್ಯೆ ಹತ್ತು ಅಂಕಿಯದು, ವಿದೇಶಿಯರದಾದರೆ 2ರಿಂದ ಶುರುವಾಗುತ್ತದೆ. ಒಂಬತ್ತೇ ಅಂಕಿ ಎಣಿಕೆಗೆ ಬಂದರೆ ಎಲ್ಲೋ ಒಂದು ಚುಕ್ಕಿಯನ್ನು ಬಿಟ್ಟಿದ್ದೀರಿ.

ನೋಟ್ ವರ್ಬಾಲ್ ಬರೆಯುವ ಬಗೆ

ಸ್ಥಳೀಯ ಸರ್ಕಾರದ ಜತೆ ರಾಯಭಾರ ಕಚೇರಿ ಮಾತಾಡುವುದು ನೋಟ್ ವರ್ಬಾಲ್ ಮೂಲಕ. ಹೆಸರು ಏನೇ ಇರಲಿ, ಇದು ಬರವಣಿಗೆಯ ಪತ್ರ. 'ನಾನು', 'ನಾವು' ಇರುವುದಿಲ್ಲ. ಕಚೇರಿ ತನ್ನನ್ನು 'ರಾಯಭಾರ ಕಚೇರಿ' ಎಂದೇ ಕರೆದುಕೊಂಡು ಮಾತಾಡುತ್ತದೆ. ಆರಂಭದಲ್ಲಿ ಸಚಿವಾಲಯಕ್ಕೆ ವಂದನೆ ಸಲ್ಲಿಸುವ ವಾಕ್ಯ, ಕೊನೆಯಲ್ಲಿ ಗೌರವವನ್ನು ಮತ್ತೊಮ್ಮೆ ವ್ಯಕ್ತಪಡಿಸುವ ವಾಕ್ಯ, ಎರಡೂ ಅಚ್ಚು ಹಾಕಿದ ಹಾಗೆ ನಿಗದಿ. ಅದನ್ನು ಬದಲಿಸಿದರೆ ಅಥವಾ ಬಿಟ್ಟರೆ ಸಿಟ್ಟು ತೋರಿಸಿದ್ದೀರಿ ಎಂದೇ ಅರ್ಥ. ಪೂರ್ಣ ಸಹಿ ಹಾಕುವುದಿಲ್ಲ. ಕಚೇರಿಯ ಮೊಹರು ಒತ್ತಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಸಂಖ್ಯೆ, ದಿನಾಂಕ ಕಡ್ಡಾಯ. ಅರೇಬಿಕ್ ಅನುವಾದ ಜತೆಗಿರಲಿ.

ಒಳಗಿನ ವಿಷಯ ಒಂದೇ ಇರಬೇಕು. ಒಬ್ಬ ಕೈದಿಯ ಭೇಟಿ ಮತ್ತು ಇನ್ನೊಬ್ಬರ ಸಂಬಳ ಎರಡನ್ನೂ ಒಂದೇ ನೋಟಿನಲ್ಲಿ ಸೇರಿಸಿದರೆ ಅದು ಇಬ್ಬರು ಗುಮಾಸ್ತರ ನಡುವೆ ಓಡಾಡಿಕೊಂಡು ಯಾರ ಮೇಜಿನಲ್ಲೂ ಕೂರುವುದಿಲ್ಲ. ವ್ಯಕ್ತಿಯ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆ ಒಮ್ಮೆ, ಇಕಾಮಾದಲ್ಲಿ ಅರೇಬಿಕ್‌ನಲ್ಲಿ ಇರುವಂತೆ ಇನ್ನೊಮ್ಮೆ ಬರೆಯಿರಿ. ನಮ್ಮ ಕಡೆಯ ಹೆಸರುಗಳಿಗೆ ಇದು ಬಹಳ ಮುಖ್ಯ. ಅರೇಬಿಕ್‌ನಲ್ಲಿ 'ಪ' ಇಲ್ಲ, 'ಳ' ಇಲ್ಲ. ಪುಟ್ಟಪ್ಪ ಅಲ್ಲಿ ಬುತ್ತಬ್ಬಾ ಆಗುತ್ತಾರೆ, ಬಾಳಪ್ಪ ಬಾಲಬ್ಬಾ ಆಗುತ್ತಾರೆ. ಪೊಲೀಸರ ಗಣಕದಲ್ಲಿ ಪುಟ್ಟಪ್ಪ ಎಂದು ಹುಡುಕಿಸಿದರೆ 'ಅಂಥವರು ಇಲ್ಲ' ಎಂಬ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ. ಇನಿಷಿಯಲ್ಲು ಬಿಡಿಸಿ ಬರೆಯುವ ನಮ್ಮ ಪದ್ಧತಿಯಿಂದ ತಂದೆಯ ಹೆಸರೋ ಊರ ಹೆಸರೋ ಮನೆತನದ ಜಾಗಕ್ಕೆ ಬಂದು ಕೂತಿರುವುದೂ ಉಂಟು. ಆದ್ದರಿಂದ ಹೆಸರಿಗಿಂತ ಸಂಖ್ಯೆಯನ್ನು ನಂಬಿ.

ಜೈಲಿಗೋ ಪೊಲೀಸ್ ಠಾಣೆಗೋ ನೇರವಾಗಿ ಬರೆಯಬಹುದೇ? ರಾಯಭಾರ ಕಚೇರಿಯ ಅಧಿಕೃತ ವ್ಯವಹಾರ ವಿದೇಶಾಂಗ ಸಚಿವಾಲಯದ ಮೂಲಕವೇ ನಡೆಯಬೇಕು ಎಂಬುದು 1961ರ ಒಪ್ಪಂದದ 41ನೇ ವಿಧಿ. ಕಾನ್ಸುಲರ್ ಅಧಿಕಾರಿಗೆ ಸ್ಥಳೀಯ ಅಧಿಕಾರಿಗಳನ್ನು ನೇರವಾಗಿ ಸಂಪರ್ಕಿಸಲು 1963ರ ಕಾನ್ಸುಲರ್ ಒಪ್ಪಂದದ 38ನೇ ವಿಧಿ ದಾರಿ ಮಾಡಿಕೊಡುತ್ತದೆ. ದಿನನಿತ್ಯದಲ್ಲಿ ಎರಡನ್ನೂ ಮಾಡಬೇಕು: ನೋಟ್ ಸಚಿವಾಲಯಕ್ಕೆ, ಅದರ ಪ್ರತಿ ಹಿಡಿದುಕೊಂಡು ನಿಮ್ಮ ಅರೇಬಿಕ್ ಬಲ್ಲ ಸ್ಥಳೀಯ ಸಿಬ್ಬಂದಿ ಠಾಣೆಗೆ. ನೋಟ್ ಇಲ್ಲದೆ ಹೋದವರನ್ನು ಬಾಗಿಲಲ್ಲೇ ಕಳಿಸುತ್ತಾರೆ, ನೋಟ್ ಮಾತ್ರ ಕಳಿಸಿ ಕೂತವರಿಗೆ ಉತ್ತರವೇ ಬರುವುದಿಲ್ಲ.

ಸಾವಿನ ಕಡತ

ಈ ಮೇಜಿನ ಅತಿ ಕಷ್ಟದ ಕೆಲಸ ಇದು, ಅತಿ ಹೆಚ್ಚು ತಪ್ಪಾಗುವುದೂ ಇಲ್ಲೇ.

ಮೊದಲ ಸುದ್ದಿ ಸಾಮಾನ್ಯವಾಗಿ ಜತೆಗಾರನಿಂದಲೋ ಊರಿನ ಸಂಘದವರಿಂದಲೋ ಫೋನಿನಲ್ಲಿ ಬರುತ್ತದೆ. ಆಗಲೇ ಬರೆದುಕೊಳ್ಳಬೇಕಾದವು: ಫೋನ್ ಮಾಡಿದವರ ಹೆಸರು, ನಂಬರು, ಶವ ಯಾವ ಆಸ್ಪತ್ರೆಯಲ್ಲಿದೆ, ಇಕಾಮಾ ಮತ್ತು ಪಾಸ್‌ಪೋರ್ಟ್ ಸಂಖ್ಯೆ, ಕೆಲಸ ಕೊಟ್ಟ ಕಫೀಲನ ಹೆಸರು, ಮೊಬೈಲು, ಸಾವು ಎಲ್ಲಿ ಆಯಿತು, ಆಸ್ಪತ್ರೆಯಲ್ಲೋ ಕೋಣೆಯಲ್ಲೋ ರಸ್ತೆಯಲ್ಲೋ. ಕೊನೆಯದು ಯಾಕೆಂದರೆ ಆಸ್ಪತ್ರೆಯ ಹೊರಗಿನ ಸಾವಿಗೆ ಪೊಲೀಸ್ ತನಿಖೆ ಸೇರಿಕೊಳ್ಳುತ್ತದೆ, ದಿನಗಳು ಹಿಡಿಯುತ್ತವೆ.

ಮನೆಯವರಿಗೆ ತಿಳಿಸುವುದು ಎರಡನೆಯದು. ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಆಗಲೇ ಊರು ಮುಟ್ಟಿರಬಹುದು, ಆದರೂ ಕಚೇರಿಯಿಂದ ಫೋನ್ ಹೋಗಲೇಬೇಕು. ಹೆಂಡತಿಗೆ ನೇರ ಮಾಡುವ ಬದಲು ಮನೆಯ ಹಿರಿಯರೊಬ್ಬರನ್ನು ಹುಡುಕಿ. ಮಾತು ಹೀಗೆ ಸಾಗಿದರೆ ಸಾಕು:

"ನಮಸ್ಕಾರ, ನಾನು ರಿಯಾದ್‌ನ ಭಾರತದ ರಾಯಭಾರ ಕಚೇರಿಯಿಂದ ಮಾತಾಡ್ತಿದ್ದೀನಿ. ನೀವು (ತೀರಿಕೊಂಡವರ ಹೆಸರು ಹೇಳಿ) ಅವರಿಗೆ ಏನಾಗಬೇಕು?"

"ಚಿಕ್ಕಪ್ಪ ಆಗಬೇಕು ಸಾರ್. ಯಾಕೆ, ಏನಾಯ್ತು?"

"ಯಜಮಾನ್ರೇ, ಪಕ್ಕದಲ್ಲಿ ಯಾರಾದ್ರೂ ಇದ್ದಾರಾ? ಕೆಟ್ಟ ಸುದ್ದಿ ಹೇಳಬೇಕಾಗಿದೆ. ನಿಮ್ಮ ಹುಡುಗ ನಿನ್ನೆ ಸಂಜೆ ತೀರಿಕೊಂಡಿದ್ದಾರೆ."

"... ಊರಿಗೆ ಯಾವಾಗ ತರ್ತೀರಿ ಸಾರ್?"

"ದಿನ ಈಗ ಹೇಳೋಕೆ ಬರಲ್ಲ. ಪೊಲೀಸ್ ಕಾಗದ ಕೈಗೆ ಬಂದ ದಿನ ನಾನೇ ಫೋನ್ ಮಾಡ್ತೀನಿ. ಈ ನಂಬರು ಬರೆದಿಟ್ಟುಕೊಳ್ಳಿ."

'ಸೀರಿಯಸ್ ಇದ್ದಾರೆ' ಎಂದು ಹೇಳಿ ಮೆಲ್ಲಗೆ ದಾಟಿಸಲು ನೋಡಬೇಡಿ. ಮರುದಿನ ನಿಮ್ಮ ಒಂದು ಮಾತನ್ನೂ ಅವರು ನಂಬುವುದಿಲ್ಲ. 'ಮೂರು ದಿನದಲ್ಲಿ ಬರುತ್ತೆ' ಎಂದು ಧೈರ್ಯ ಹೇಳುವುದೂ ಬೇಡ. ಆ ಮೂರು ದಿನ ನಂಬಿ ನೆಂಟರಿಷ್ಟರು ಬಂದು ಕೂತಿರುತ್ತಾರೆ.

ಆಮೇಲೆ ಕಾಗದಗಳ ಸರದಿ:

1. ಆಸ್ಪತ್ರೆಯ ಸಾವಿನ ವರದಿ, ಪೊಲೀಸ್ ವರದಿ. ಅಪಘಾತವಾದರೆ ಸಂಚಾರ ಪೊಲೀಸರದ್ದು.
2. ವಾರಸುದಾರರಿಂದ ನೋಟರಿ ದೃಢೀಕರಿಸಿದ ಒಪ್ಪಿಗೆ ಮತ್ತು ಅಧಿಕಾರ ಪತ್ರ. ಶವ ಊರಿಗೆ ಬರಬೇಕೋ ಅಲ್ಲೇ ದಫನ್ ಆಗಬೇಕೋ ಎಂಬುದು ಸ್ಪಷ್ಟವಾಗಿರಬೇಕು. ಸೌದಿಯಲ್ಲಿ ದಹನಕ್ಕೆ ಅವಕಾಶವಿಲ್ಲ.
3. ಕಫೀಲನ ಪತ್ರ: ಖರ್ಚು ಯಾರದು, ಬಾಕಿ ಎಷ್ಟು.
4. ಇವೆಲ್ಲ ನೋಡಿ ರಾಯಭಾರ ಕಚೇರಿ ಕೊಡುವ ನಿರಾಕ್ಷೇಪಣಾ ಪತ್ರ.
5. ನಾಗರಿಕ ವ್ಯವಹಾರ ಇಲಾಖೆಯ ಮರಣ ಪ್ರಮಾಣಪತ್ರ, ಜವಾಜಾತ್ ಎಂದು ಕರೆಯುವ ಪಾಸ್‌ಪೋರ್ಟ್ ಇಲಾಖೆಯಿಂದ ಅಂತಿಮ ನಿರ್ಗಮನ.
6. ಶವ ಕೆಡದಂತೆ ಮಾಡುವ ಎಂಬಾಮಿಂಗ್, ಅದರ ಪ್ರಮಾಣಪತ್ರ, ಕಾರ್ಗೋ ಬುಕಿಂಗ್.

ಸಾಮಾನ್ಯವಾಗಿ ಕೆಡುವುದು ಎರಡನೆಯ ಹೆಜ್ಜೆಯಲ್ಲಿ. ಹೆಂಡತಿ ಒಂದು ಅಧಿಕಾರ ಪತ್ರ ಕಳಿಸುತ್ತಾರೆ, ತಂದೆ ತಾಯಿ ಇನ್ನೊಬ್ಬರ ಹೆಸರಿಗೆ ಇನ್ನೊಂದು. ಎರಡೂ ಬಂದರೆ ಎರಡನ್ನೂ ಬದಿಗಿಟ್ಟು ತಹಶೀಲ್ದಾರರಿಂದ ವಂಶವೃಕ್ಷ ಅಥವಾ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ತರಿಸಿ. ಜಿಲ್ಲಾಧಿಕಾರಿ ಕಚೇರಿಗೆ ಒಂದು ಮೇಲ್ ಹಾಕಿದರೆ ಕೆಲಸ ಬೇಗ ಆಗುತ್ತದೆ. ಅಧಿಕಾರ ಪತ್ರವನ್ನು ಎರಡು ಭಾಗ ಮಾಡಿಸುವುದು ಇನ್ನೂ ಒಳ್ಳೆಯ ಅಭ್ಯಾಸ: ಶವ ಕಳಿಸುವುದಕ್ಕೆ ಒಂದು, ಬಾಕಿ ಹಣ ಪಡೆಯುವುದಕ್ಕೆ ಇನ್ನೊಂದು. ಓಡಾಡುವ ಜತೆಗಾರನಿಗೆ ಮೊದಲನೆಯದು ಸಾಕು. ಹಣದ ಅಧಿಕಾರವನ್ನು ವಾರಸುದಾರರು ರಾಯಭಾರ ಕಚೇರಿಯ ಹೆಸರಿಗೇ ಕೊಟ್ಟರೆ ಪರಿಹಾರದ ಮೊತ್ತ ಜಿಲ್ಲಾಧಿಕಾರಿ ಮೂಲಕ ಅವರ ಕೈ ಸೇರುವಂತೆ ಮಾಡಬಹುದು.

ಕಫೀಲನ ಪತ್ರವನ್ನು ಅರೇಬಿಕ್ ಓದುವವರ ಹತ್ತಿರ ಪದಪದವಾಗಿ ಓದಿಸಿ. 'ಮೃತರ ಎಲ್ಲ ಬಾಕಿಯೂ ಸಂದಿದೆ, ಇನ್ನು ಯಾವ ಹಕ್ಕೂ ಇಲ್ಲ' ಎಂಬ ಸಾಲು ಮಧ್ಯದಲ್ಲಿ ತೂರಿಕೊಂಡಿರುತ್ತದೆ. ಶವ ಬೇಗ ಬರಲಿ ಎಂದು ಮನೆಯವರು ಅದಕ್ಕೆ ಹೂಂ ಅಂದರೆ ಎಂಟು ಹತ್ತು ವರ್ಷದ ಗ್ರಾಚ್ಯುಟಿ ಹೋದಂತೆಯೇ. ಶವ ಸಾಗಿಸುವುದು ಬೇರೆ, ಲೆಕ್ಕ ಚುಕ್ತಾ ಮಾಡುವುದು ಬೇರೆ. ಒಂದನ್ನು ಇನ್ನೊಂದಕ್ಕೆ ಒತ್ತೆ ಇಡಲು ಬಿಡಬೇಡಿ.

ಖರ್ಚು ಯಾರದು ಎಂಬ ಪ್ರಶ್ನೆಗೆ ಸೌದಿ ಕಾರ್ಮಿಕ ಕಾನೂನಿನ 40ನೇ ಕಲಮಿನಲ್ಲೇ ಉತ್ತರವಿದೆ: ವಿದೇಶಿ ಕಾರ್ಮಿಕನ ಶವ ಸಿದ್ಧಪಡಿಸಿ ಊರಿಗೆ ಕಳಿಸುವ ವೆಚ್ಚ ಉದ್ಯೋಗದಾತನದು. ಮನೆಯವರ ಒಪ್ಪಿಗೆಯಿಂದ ಅಲ್ಲೇ ದಫನ್ ಆದರೆ ಅಥವಾ ಸಾಮಾಜಿಕ ವಿಮಾ ಸಂಸ್ಥೆ ಗೋಸಿ ಅದನ್ನು ಭರಿಸಿದರೆ ಮಾತ್ರ ಅವನಿಗೆ ಬಿಡುವು. ಆದ್ದರಿಂದ ಮೊದಲು ಕಫೀಲ, ಆಮೇಲೆ ಗೋಸಿ, ಆಮೇಲೆ ಪ್ರವಾಸಿ ಭಾರತೀಯ ಬಿಮಾ ಯೋಜನೆ. ಇಸಿಆರ್ (ವಲಸೆ ತಪಾಸಣೆ ಬೇಕಾದ) ಪಾಸ್‌ಪೋರ್ಟಿನವರು ಕೆಲಸಕ್ಕೆ ಹೊರಡುವಾಗ ಕಡ್ಡಾಯವಾಗಿ ಮಾಡಿಸುವ ಈ ವಿಮೆಯಲ್ಲಿ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿ ಇದೆ. ವಿಮೆ ಎರಡೋ ಮೂರೋ ವರ್ಷದ್ದು, ನವೀಕರಿಸಿದವರು ಕಡಿಮೆ. ಹಾಗಾಗಿ ಪಾಲಿಸಿಯ ಕೊನೆಯ ದಿನಾಂಕ ನೋಡದೆ ಮನೆಯವರಿಗೆ ಆಸೆ ಹುಟ್ಟಿಸಬೇಡಿ. ಇವು ಯಾವುವೂ ಇಲ್ಲದಾಗ ಸಮುದಾಯ ಕಲ್ಯಾಣ ನಿಧಿ. 2009ರಲ್ಲಿ ಶುರುವಾದ ಈ ನಿಧಿ ನಿಲ್ಲುವುದು ಕಾನ್ಸುಲರ್ ಸೇವೆಗಳ ಮೇಲೆ ಹಾಕುವ ಸಣ್ಣ ಶುಲ್ಕದ ಮೇಲೆ. ಅದನ್ನು ಮೊದಲೇ ಕೈಗೆತ್ತಿಕೊಂಡರೆ ಕಫೀಲ ಆರಾಮವಾಗಿ ಜಾರಿಕೊಳ್ಳುತ್ತಾನೆ.

ದಿನಾಂಕದ ತೊಡಕು ಬೇರೆ. ಸ್ಥಳೀಯ ಕಾಗದಗಳಲ್ಲಿ ಹಿಜ್ರಿ ದಿನಾಂಕ ಇರುತ್ತದೆ. ಆ ವರ್ಷ ನಮ್ಮದಕ್ಕಿಂತ ಸುಮಾರು 11 ದಿನ ಚಿಕ್ಕದು, ದಿನ ಬದಲಾಗುವುದು ಸೂರ್ಯಾಸ್ತಕ್ಕೆ. ರಾತ್ರಿ ಎಂಟಕ್ಕೆ ಆದ ಸಾವು ಆಸ್ಪತ್ರೆಯ ಒಂದು ಕಾಗದದಲ್ಲಿ ಇಂದಿನದು, ಇನ್ನೊಂದರಲ್ಲಿ ನಾಳೆಯದು ಆಗಿ ಬರಬಹುದು. ಅನುವಾದ ಮಾಡಿಸುವ ಮೊದಲೇ ಸರಿಪಡಿಸಿಕೊಳ್ಳಿ. ಇಲ್ಲವಾದರೆ ಊರಲ್ಲಿ ವಿಮೆಯವರೂ ಬ್ಯಾಂಕಿನವರೂ ಅದೇ ಒಂದು ದಿನವನ್ನು ಹಿಡಿದು ಅರ್ಜಿ ವಾಪಸ್ ಕಳಿಸುತ್ತಾರೆ.

ಕಾರ್ಗೋ ಬುಕಿಂಗ್‌ನಲ್ಲಿ ಭಾರತದಲ್ಲಿ ಶವ ಪಡೆಯುವವರ ಹೆಸರು ಅವರ ಆಧಾರ್‌ನಲ್ಲಿರುವಂತೆಯೇ ಇರಲಿ, ಮೊಬೈಲು ಆನ್ ಆಗಿರುವುದೇ ಎಂದು ಒಮ್ಮೆ ಕರೆ ಮಾಡಿ ನೋಡಿ. ಮಂಗಳೂರಿಗೆ ಬೇಕೆಂದು ಮನೆಯವರು ಕೇಳಿದರೆ, ಆ ವಿಮಾನ ಶವಪೆಟ್ಟಿಗೆ ಒಪ್ಪಿಕೊಳ್ಳುತ್ತದೆಯೇ ಎಂದು ವಿಮಾನ ಸಂಸ್ಥೆಯ ಕಾರ್ಗೋ ವಿಭಾಗದಲ್ಲಿ ವಿಚಾರಿಸಿ; ಟಿಕೆಟ್ ಕೌಂಟರಿನವರಿಗೆ ಗೊತ್ತಿರುವುದಿಲ್ಲ. ಭಾರತದ ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಯ ಅನುಮತಿಗೆ 2023ರ ಆಗಸ್ಟ್‌ನಿಂದ ಇ-ಕೇರ್ ಎಂಬ ಪೋರ್ಟಲ್ ಇದೆ. ಮರಣ ಪ್ರಮಾಣಪತ್ರ, ಎಂಬಾಮಿಂಗ್ ಪ್ರಮಾಣಪತ್ರ, ನಮ್ಮ ನಿರಾಕ್ಷೇಪಣಾ ಪತ್ರ, ರದ್ದುಪಡಿಸಿದ ಪಾಸ್‌ಪೋರ್ಟಿನ ಪ್ರತಿ, ಈ ನಾಲ್ಕನ್ನೂ ಮಸುಕಿಲ್ಲದಂತೆ ಸ್ಕ್ಯಾನ್ ಮಾಡಿ ಹಾಕಬೇಕು. ಪಾಸ್‌ಪೋರ್ಟ್ ರದ್ದುಪಡಿಸುವುದನ್ನು ಮರೆತು ಪ್ರತಿ ಮಾತ್ರ ಹಾಕಿದ್ದರೆ ಅರ್ಜಿ ಅಲ್ಲೇ ನಿಂತಿರುತ್ತದೆ.

ಔಟ್‌ಪಾಸ್

ಕಾರ್ಮಿಕರ ಬಾಯಲ್ಲಿ ಔಟ್‌ಪಾಸ್, ನಮ್ಮ ಕಡತದಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್. ಪಾಸ್‌ಪೋರ್ಟ್ ಇಲ್ಲದವರಿಗೆ ಭಾರತಕ್ಕೆ ಒಂದೇ ಬಾರಿ ಪ್ರಯಾಣ ಮಾಡಲು ಕೊಡುವ ಕಾಗದ ಇದು. ಹಳೆಯ ಪಾಸ್‌ಪೋರ್ಟಿನ ಸಂಖ್ಯೆ ಸಿಕ್ಕರೆ ಗಣಕದಲ್ಲಿ ಫೋಟೋ ನೋಡಿ ಗುರುತಿಸಬಹುದು. ಏನೂ ಇಲ್ಲದವರದು ಕಷ್ಟ. ಕುರಿ ಮೇಯಿಸಲು ಮರುಭೂಮಿಗೆ ಹೋದವರು, ಕಫೀಲನಿಂದ ತಪ್ಪಿಸಿಕೊಂಡು ವರ್ಷಗಟ್ಟಲೆ ಹೊರಗಿದ್ದವರು ಬರಿಗೈಯಲ್ಲಿ ಬರುತ್ತಾರೆ.

ಆಗ ಕೂರಿಸಿ ಮಾತಾಡಿಸಬೇಕು. 'ಯಾವ ಊರು' ಎಂದು ಕೇಳಿದರೆ ಬಾಯಿಪಾಠದ ಉತ್ತರ ಬರುತ್ತದೆ. ಹೋಬಳಿ ಯಾವುದು, ಸಂತೆ ಯಾವ ವಾರ, ನ್ಯಾಯಬೆಲೆ ಅಂಗಡಿ ಯಾರದು, ತಾಲ್ಲೂಕು ಕೇಂದ್ರಕ್ಕೆ ಬಸ್ಸು ಯಾವ ಊರುಗಳ ಮೇಲೆ ಹೋಗುತ್ತದೆ, ಇವನ್ನು ಕೇಳಿ. ನಿಜವಾಗಿ ಆ ಊರಿನವರಾದರೆ ನಿಮ್ಮನ್ನೇ ತಿದ್ದುತ್ತಾರೆ. ಕರ್ನಾಟಕದವರು ಎಂದು ಹೇಳಿಕೊಂಡು ಕನ್ನಡ ತಡವರಿಸಿದ ಮಾತ್ರಕ್ಕೆ ಅನುಮಾನಿಸುವುದು ತಪ್ಪು. ಭಟ್ಕಳದವರ ಮನೆಮಾತು ನವಾಯತಿ ಇರಬಹುದು, ಮಂಗಳೂರು ಕಡೆಯವರದು ತುಳುವೋ ಬ್ಯಾರಿಯೋ ಕೊಂಕಣಿಯೋ, ಕಲಬುರಗಿಯವರದು ದಖನಿ. ಇದನ್ನು ದೆಹಲಿಯಿಂದ ಬಂದ ಸಹೋದ್ಯೋಗಿಗೆ ವಿವರಿಸಬೇಕಾದವರೂ ನೀವೇ. ಮಾತಾಡಿಸಿದ ಮೇಲೆ ಮನೆಯವರಿಂದ ಆಧಾರ್, ಪಡಿತರ ಚೀಟಿ, ಶಾಲೆಯ ವರ್ಗಾವಣೆ ಪತ್ರ ತರಿಸಿ, ವೀಡಿಯೊ ಕರೆಯಲ್ಲಿ ಅವರ ಎದುರು ಕೂರಿಸಿ. ಆದರೂ ಸಂಶಯ ಉಳಿದರೆ ಜಿಲ್ಲಾ ಪೊಲೀಸರ ಮೂಲಕ ಪರಿಶೀಲನೆ. ತಡವಾದರೂ ಅದೇ ಸರಿ.

ಔಟ್‌ಪಾಸ್ ಕೊಟ್ಟ ಮಾತ್ರಕ್ಕೆ ವಿಮಾನ ಹತ್ತಲಾಗುವುದಿಲ್ಲ, ನಿರ್ಗಮನ ವೀಸಾ ಬೇಕು. ಟಿಕೆಟ್ ಕೊಳ್ಳುವ ಮುಂಚೆ ಮೂರನ್ನು ನೋಡಿಸಿ. ಕಫೀಲ 'ಓಡಿಹೋಗಿದ್ದಾನೆ' ಎಂದು ಹುರೂಬ್ ದಾಖಲಿಸಿದ್ದಾನೆಯೇ? ಪೊಲೀಸ್ ಪ್ರಕರಣದಲ್ಲಿ ಮತ್ಲೂಬ್ ಎಂದು ಹೆಸರಿದೆಯೇ? ಹೆಸರಿನಲ್ಲಿ ವಾಹನವೋ ಕಟ್ಟದ ಸಂಚಾರ ದಂಡವೋ ಇದೆಯೇ? ಮೂರನೆಯದನ್ನು ಯಾರೂ ನೆನೆಯುವುದಿಲ್ಲ. ಎಂದೋ ಸ್ನೇಹಿತನಿಗೆಂದು ತನ್ನ ಹೆಸರಲ್ಲಿ ಕೊಂಡ ಹಳೆಯ ಪಿಕಪ್ಪು ಅಂತಿಮ ನಿರ್ಗಮನಕ್ಕೆ ಅಡ್ಡ ನಿಲ್ಲುತ್ತದೆ, ಆ ಸ್ನೇಹಿತ ಊರು ಸೇರಿ ವರ್ಷವಾಗಿರುತ್ತದೆ.

ಸಂಬಳದ ದೂರು

ಮೊದಲು ದೂರುದಾರ ಯಾವ ಕಾನೂನಿನ ಕೆಳಗೆ ಬರುತ್ತಾನೆ ನೋಡಿ. ಮನೆಗೆಲಸದವರು, ಮನೆಯ ಡ್ರೈವರ್‌ಗಳಿಗೆ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ, ಅವರಿಗೆ ಪ್ರತ್ಯೇಕ ನಿಯಮಾವಳಿ ಇದೆ. ಕಂಪನಿ ನೌಕರರಾದರೆ ಸೇವಾಂತ್ಯದ ಹಣವನ್ನು ನೀವೇ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದುಕೊಡಿ. 84ನೇ ಕಲಮಿನ ಪ್ರಕಾರ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳದು, ಕೊನೆಯ ಸಂಬಳದ ಮೇಲೆ. 1,800 ರಿಯಾಲ್ ಸಂಬಳದವನು ಎಂಟು ವರ್ಷ ದುಡಿದಿದ್ದರೆ ಐದು ವರ್ಷಕ್ಕೆ 4,500, ಮೂರು ವರ್ಷಕ್ಕೆ 5,400, ಒಟ್ಟು 9,900 ರಿಯಾಲ್. ತಾನಾಗಿ ರಾಜೀನಾಮೆ ಕೊಟ್ಟಿದ್ದರೆ 85ನೇ ಕಲಮಿನಂತೆ ಅದರ ಮೂರನೇ ಎರಡು ಪಾಲು, 6,600. ಎರಡು ವರ್ಷದೊಳಗೆ ಬಿಟ್ಟರೆ ಏನೂ ಇಲ್ಲ. ಹತ್ತು ದಾಟಿದ್ದರೆ ಪೂರ್ತಿ. ಇದರಿಂದಲೇ ಕೆಲವು ಕಂಪನಿಗಳು ತಾವು ಕೆಲಸದಿಂದ ತೆಗೆದು 'ರಾಜೀನಾಮೆ' ಎಂದು ಸಹಿ ಹಾಕಿಸಿಕೊಳ್ಳುವುದು.

ದೂರು ಮೊದಲು ರಾಜಿ ಸಂಧಾನಕ್ಕೆ ಹೋಗುತ್ತದೆ, ಅದಕ್ಕೆ 21 ಕೆಲಸದ ದಿನ. ಅಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ನ್ಯಾಯಾಲಯ. ಕೆಲಸ ಬಿಟ್ಟು 12 ತಿಂಗಳಾದ ಮೇಲೆ ಬಂದ ದೂರನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಊರಿಗೆ ಹೋಗಿ ಎರಡು ವರ್ಷ ಬಿಟ್ಟು ನಮ್ಮ ವಿದೇಶಾಂಗ ಸಚಿವಾಲಯದ ದೂರಿನ ಜಾಲತಾಣವಾದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕುವವರಿಗೆ ಇದನ್ನು ನೇರವಾಗಿ ಹೇಳಿಬಿಡಿ. ಇನ್ನು, ಹಣ ಬ್ಯಾಂಕಿಗೆ ಬೀಳುವ ಮುಂಚೆ ಚುಕ್ತಾ ಪತ್ರಕ್ಕೆ ಸಹಿ ಹಾಕಬಾರದೆಂದು ಪ್ರತಿಯೊಬ್ಬರಿಗೂ ಅವರವರ ಮಾತಿನಲ್ಲಿ ತಿಳಿಸಿ. ವಿಮಾನ ನಿಲ್ದಾಣದಲ್ಲಿ ಕೊಡುತ್ತೇವೆ ಎಂದವರು ನಿಲ್ದಾಣಕ್ಕೆ ಬರುವುದಿಲ್ಲ.

ಜೈಲು ಭೇಟಿ

1963ರ ಒಪ್ಪಂದದ 36ನೇ ವಿಧಿ ಈ ಭೇಟಿಗೆ ಆಧಾರ. ಪಾಕಿಸ್ತಾನದಲ್ಲಿ ಬಂಧಿತರಾದ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ತೀರ್ಪು ಕೊಟ್ಟದ್ದೂ ಇದೇ ವಿಧಿಯ ಮೇಲೆ. ಒಳಗೆ ಮೊಬೈಲು ಬಿಡುವುದಿಲ್ಲವಾದ್ದರಿಂದ ಪ್ರಶ್ನೆಗಳನ್ನು ಅಚ್ಚು ಹಾಕಿಸಿಕೊಂಡು ಹೋಗಿ: ಪ್ರಕರಣ ಸಂಖ್ಯೆ, ಮುಂದಿನ ವಿಚಾರಣೆಯ ದಿನ, ದುಭಾಷಿ ಇದ್ದರೇ, ಯಾವುದಕ್ಕೆ ಸಹಿ ಹಾಕಿಸಿಕೊಂಡರು, ಮೈಮೇಲೆ ಗಾಯ, ದಿನದ ಮಾತ್ರೆಗಳು, ಮನೆಯ ನಂಬರು. ಶಿಕ್ಷೆಯ ಬಗ್ಗೆ ಒಂದು ವಿಷಯ ಕೈದಿಗೂ ಮನೆಯವರಿಗೂ ತಿಳಿದಿರುವುದಿಲ್ಲ. ಸರ್ಕಾರದ ಪಾಲಿನ ಶಿಕ್ಷೆ ಮುಗಿದರೂ ಖಾಸಗಿ ಹಕ್ಕು, ಅಂದರೆ ನಷ್ಟವಾದವರಿಗೆ ಕೊಡಬೇಕಾದ ಹಣ, ಉಳಿದಿದ್ದರೆ ಬಿಡುಗಡೆ ಆಗುವುದಿಲ್ಲ. ಆದ್ದರಿಂದ 'ಶಿಕ್ಷೆ ಎಷ್ಟು' ಎಂಬುದರ ಜತೆಗೆ 'ಖಾಸಗಿ ಹಕ್ಕು ಇದೆಯೇ, ಎಷ್ಟು' ಎಂದೂ ಜೈಲಿನ ಕಚೇರಿಯಲ್ಲಿ ಕೇಳಿ ಬರೆಸಿಕೊಳ್ಳಿ. ಬಿಡಿಸುತ್ತೇವೆ ಎಂಬ ಮಾತು ಎಂದೂ ಕೊಡಬೇಡಿ. ತೀರ್ಪು ಕೊಡುವುದು ಅವರ ನ್ಯಾಯಾಲಯ. ವಿಚಾರಣೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದಷ್ಟೇ ನಮ್ಮ ಪಾಲಿನ ಕೆಲಸ.

ವಿನಾಯಿತಿ ಮತ್ತು ಮನೆ

ರಾಜತಾಂತ್ರಿಕರನ್ನು ಬಂಧಿಸುವಂತಿಲ್ಲ, ನಿಜ. ಆದರೆ 1961ರ ಒಪ್ಪಂದದ 41ನೇ ವಿಧಿ ಸ್ಥಳೀಯ ಕಾನೂನು ಪಾಲಿಸಿ ಎಂದೂ ಹೇಳುತ್ತದೆ, 42ನೇ ವಿಧಿ ಸ್ವಂತ ಲಾಭದ ವ್ಯವಹಾರ ಬೇಡ ಎನ್ನುತ್ತದೆ. ವಿನಾಯಿತಿ ಬಿಟ್ಟುಕೊಡುವ ಅಧಿಕಾರ ನಿಮ್ಮದಲ್ಲ, ಭಾರತ ಸರ್ಕಾರದ್ದು. ಅಪಘಾತವಾದಾಗ 'ಪರವಾಗಿಲ್ಲ, ಠಾಣೆಗೆ ಬಂದು ಹೇಳಿಕೆ ಕೊಡುತ್ತೇನೆ' ಎಂದು ಒಪ್ಪಿಕೊಳ್ಳುವ ಮೊದಲು ಕಚೇರಿಯ ಆಡಳಿತ ನೋಡುವ ಚಾನ್ಸರಿ ಮುಖ್ಯಸ್ಥರಿಗೆ ಫೋನ್ ಮಾಡಿ. ಪಾರ್ಕಿಂಗ್ ದಂಡ ಮಾತ್ರ ಸುಮ್ಮನೆ ಕಟ್ಟಿ. ನೀಲಿ ಪಾಸ್‌ಪೋರ್ಟಿನ ಸಾಮಾನ್ಯ ನಾಗರಿಕರನ್ನು ಕಾನೂನು ಪಾಲಿಸಿ ಎಂದು ದಿನವೂ ಕೇಳಿಕೊಳ್ಳುವ ಮೇಜು ನಿಮ್ಮದು.

ಮರೂನ್ ಪಾಸ್‌ಪೋರ್ಟಿನ, ಅಂದರೆ ರಾಜತಾಂತ್ರಿಕರ, ಮನೆಯಲ್ಲಿ ಹೆಚ್ಚು ಒದ್ದಾಡುವವರು ಸಂಗಾತಿ. ಸ್ಥಳೀಯ ಉದ್ಯೋಗಕ್ಕೆ ಎರಡೂ ಸರ್ಕಾರಗಳ ಅನುಮತಿ ಬೇಕಾಗುತ್ತದೆ, ಹಲವೆಡೆ ಸಿಗುವುದಿಲ್ಲ. ಮಕ್ಕಳಿಗೆ ಸಿಬಿಎಸ್‌ಇ ಶಾಲೆಗಳಿವೆ. ಮಧ್ಯಾವಧಿಯಲ್ಲಿ ವರ್ಗವಾದರೆ ಅದೇ ಪಠ್ಯಕ್ರಮ ಇರುವುದು ಉಪಯೋಗ. ರಾತ್ರಿ ಕರ್ತವ್ಯದ ಫೋನ್ ಇರುವ ವಾರ ಮನೆಯವರಿಗೂ ನಿದ್ದೆ ಇರುವುದಿಲ್ಲ. ಆ ಫೋನನ್ನು ಸರದಿಯಲ್ಲಿ ಹಂಚಿಕೊಳ್ಳಿ, 'ನಾನೇ ಇಟ್ಟುಕೊಳ್ಳುತ್ತೇನೆ' ಎಂಬ ಉತ್ಸಾಹ ಮೂರು ತಿಂಗಳಿಗೆ ಇಳಿದುಹೋಗುತ್ತದೆ.

ತೆರವಿನ ಕಾಲ ಬಂದರೆ

ಯುದ್ಧವೋ ಗಲಭೆಯೋ ಪಕ್ಕದ ದೇಶದಲ್ಲಾದರೂ ನಿಮ್ಮ ಮೇಜಿಗೆ ಬರುತ್ತದೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಿಂದ ಆಪರೇಷನ್ ಕಾವೇರಿ ನಡೆದಾಗ ಜನ ಪೋರ್ಟ್ ಸುಡಾನ್‌ನಿಂದ ಹಡಗು, ವಿಮಾನದಲ್ಲಿ ಜೆದ್ದಾಕ್ಕೆ ಬಂದರು. ಅಲ್ಲಿನ ಭಾರತೀಯ ಶಾಲೆಯೇ ತಂಗುದಾಣವಾಯಿತು. ಒಟ್ಟು 3,862 ಮಂದಿ ತೆರವಾದರು. ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಅವರಲ್ಲಿದ್ದರು. ಅವರಲ್ಲಿ ಕೆಲವರು ಸಿಕ್ಕಿಕೊಂಡಿದ್ದದ್ದು ದೂರದ ದಾರ್ಫುರ್‌ನ ಎಲ್ ಫಾಶಿರ್‌ನಲ್ಲಿ. ಕಂಪನಿಯ ಹಂಗಿಲ್ಲದೆ ಊರೂರು ತಿರುಗಿ ವ್ಯಾಪಾರ ಮಾಡುವ ಇಂಥವರು ಯಾವ ಉದ್ಯೋಗದಾತನ ಪಟ್ಟಿಯಲ್ಲೂ ಇರುವುದಿಲ್ಲ. ಆದ್ದರಿಂದ ಶಾಂತಿಯ ದಿನಗಳಲ್ಲೇ ಪ್ರತಿ ಗುಂಪಿನ ಒಬ್ಬ ಮುಖಂಡರ ನಂಬರು, ಅವರೊಂದಿಗೆ ಎಷ್ಟು ಜನ, ಹೆಂಗಸರು ಮಕ್ಕಳೆಷ್ಟು ಎಂದು ಕೇಳಿ ಇಟ್ಟುಕೊಳ್ಳಿ, ಆರು ತಿಂಗಳಿಗೊಮ್ಮೆ ತಾಜಾ ಮಾಡಿ.

ಪ್ರಯಾಣಿಕರ ಪಟ್ಟಿಯಲ್ಲಿ ಹೆಸರು, ಪಾಸ್‌ಪೋರ್ಟ್, ರಾಜ್ಯ, ಊರಿನ ಫೋನು ಮಾತ್ರವಲ್ಲ, ಆಫ್ರಿಕಾದಿಂದ ಬರುವವರಾದರೆ ಹಳದಿ ಜ್ವರದ ಲಸಿಕೆ ಚೀಟಿ ಇದೆಯೇ ಎಂಬ ಅಂಕಣವೂ ಇರಲಿ. ಅದಿಲ್ಲದವರು ಭಾರತದಲ್ಲಿ ಇಳಿದ ಮೇಲೆ ಕ್ವಾರಂಟೈನ್‌ಗೆ ಹೋಗಬೇಕಾಗುತ್ತದೆ, ಅದನ್ನು ವಿಮಾನ ಹತ್ತುವ ಮುಂಚೆಯೇ ಹೇಳಬೇಕು. ಪಟ್ಟಿಯ ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ ಜೇಬಿನಲ್ಲಿಡಿ. ಇಂಥ ದಿನಗಳಲ್ಲಿ ಮೊದಲು ಕೈಕೊಡುವುದು ನೆಟ್‌ವರ್ಕು.